ಯುಕೆಜಿ ಫೋನಿಕ್ಸ್ ಲಾಗ್: 'ಹವರೆಕಾಯಿ'ಯಿಂದ ಎಳ್ಳು-ಬೆಲ್ಲದವರೆಗೆ

ಸಂಕ್ರಾಂತಿ ರಜೆ ಸಿಕ್ತು, ಜೂನ್‌ನಿಂದ ಬರ್ಕೊಂಡಿದ್ದ ಚೀಟಿಗಳನ್ನೆಲ್ಲ ಒಂದ್ಕಡೆ ಹಾಕ್ತಿದೀನಿ. ಮಂಡ್ಯ ಕಡೆ ಯುಕೆಜಿ ಮಿಸ್ಸು ನಾನು, 22 ಮಕ್ಕಳು. ಈ ವರ್ಷ ಕನ್ನಡ ಅಕ್ಷರನ ಫೋನಿಕ್ಸ್ ಥರ, ಅಂದ್ರೆ ಶಬ್ದದಿಂದ ಅಕ್ಷರ ಗುರುತಿಸೋ ಥರ, ಮೊದ್ಲು ಕಿವಿಗೆ, ಆಮೇಲೆ ಪೆನ್ಸಿಲ್ಲಿಗೆ, ಅದೂ ಆಯಾ ಕಾಲದಲ್ಲಿ ಕೈಗೆ ಸಿಗೋ ಸಾಮಾನಲ್ಲೇ ಕಲಿಸ್ಬೇಕು ಅಂತ ಹೊರಟಿದ್ದೆ. ನೆಟ್ಟಲ್ಲಿ ಸಿಗೋ ಶೀಟ್‌ಗಳಲ್ಲೆಲ್ಲ ಸ್ನೋಮ್ಯಾನು, ಹಲ್ಲು ಕಿರಿಯೋ ಕುಂಬಳಕಾಯಿ. ನಮ್ಮ ಮಕ್ಕಳು ಕುಂಬಳಕಾಯಿ ನೋಡಿರೋದು ಆಯುಧಪೂಜೆ ದಿನ ರೋಡಲ್ಲಿ ಕುಂಕುಮ ಮೆತ್ಕೊಂಡು ಒಡೆದು ಬಿದ್ದಿರೋದು.

ಜೂನ್-ಜುಲೈ. ಮಳೆ ಶುರು, ಹಾಗಾಗಿ 'ಮ'. ಮಳೆ, ಮೋಡ, ಮಣ್ಣು, ಮರ, ಕಿಟಕಿಯಿಂದ ಕಾಣೋದನ್ನೆಲ್ಲ ಹೇಳಿಸಿ 'ಮ' ಕೇಳಿದಾಗೆಲ್ಲ ಕಪ್ಪೆ ಥರ ಕುಪ್ಪಳಿಸೋದು. ಇಂಗ್ಲಿಷಲ್ಲಿ ಅಕ್ಷರದ ಹೆಸರು 'ಎಮ್', ಶಬ್ದ 'ಮ್' ಅಂತ ಎರಡೆರಡು ಕಲಿಸ್ಬೇಕು, ನಮ್ಮಲ್ಲಿ ಹೆಸರೇ ಶಬ್ದ, ಅರ್ಧ ಕೆಲಸ ಉಳೀತು ಅನ್ಕೊಂಡೆ. ಆದ್ರೆ 'ಮೋಡ' ಅಂದಾಗ ಅರ್ಧ ಕ್ಲಾಸು ಕುಪ್ಪಳಿಸ್ಲೇ ಇಲ್ಲ, ಅದು 'ಮೋ' ಅಲ್ವಾ ಮಿಸ್ ಅಂದ್ರು. ಅವರು ಹೇಳಿದ್ದೂ ಸರೀನೇ, ಕಾಗುಣಿತ ಇನ್ನೂ ಕಲಿಸಿರ್ಲಿಲ್ಲ. ಸ್ಟೀಲ್ ತಟ್ಟೇಲಿ ರಾಗಿ ಹರಡಿ ಬೆರಳಲ್ಲಿ ಬರೆಸೋದು ಚೆನ್ನಾಗೇ ನಡೀತು, ಒಂದು ವಾರ ಆದ್ಮೇಲೆ ಥಂಡಿಗೆ ರಾಗಿ ಮುಗ್ಗಲು ವಾಸನೆ ಹೊಡೀತು.

ಗೌರಿ-ಗಣೇಶ ಹಬ್ಬ. ಜೇಡಿಮಣ್ಣಲ್ಲಿ ಅಕ್ಷರ. 'ಗ', 'ರ' ಎರಡು ನಿಮಿಷದ ಕೆಲಸ, 'ಣ' ಮಾಡಕ್ಕೆ ಹೋಗಿ ಎಲ್ಲರದ್ದೂ ಜಿಲೇಬಿ. ಒಣಗಿದ್ಮೇಲೆ ಮುಕ್ಕಾಲು ಪಾಲು ಬಿರುಕು ಬಿಟ್ಟು ಮುರಿದೋದ್ವು. ಮುಂದಿನ ವರ್ಷ ತೆಳ್ಳಗೆ ಹೊಸೆಯೋ ಬದ್ಲು ದಪ್ಪ ಬಿಲ್ಲೆ ತಟ್ಟಿ ಅದರ ಮೇಲೆ ಕಡ್ಡೀಲಿ ಕೊರೆಸ್ತೀನಿ.

ಡಿಸೆಂಬರ್. ಅವರೆಕಾಯಿ ಕಾಲ, ಇಡೀ ವರ್ಷದಲ್ಲಿ ನಂಗೆ ಇಷ್ಟ ಆದ ತಿಂಗಳು. ನಮ್ಮ ಕಡೆ 'ಹ' ನಾಲಿಗೆ ಮೇಲೆ ನಿಲ್ಲಲ್ಲ ಅಂತ ಎಲ್ಲರಿಗೂ ಗೊತ್ತು, ಹಾಲು 'ಆಲು', ಹಸು 'ಅಸು'. ಒಂದ್ ಚೀಲ ಅವರೆಕಾಯಿ ತಂದು ಸುಲಿಸ್ತಾ 'ಅ'-ಅವರೆ, 'ಹಿ'-ಹಿತಕಿದ ಬೇಳೆ ಅಂತ ಎರಡು ಬಟ್ಟಲಿಗೆ ಬೇರೆ ಬೇರೆ ಹಾಕಿಸ್ದೆ. ಆವಾಗ ಹೊಳೀತು, ಬೆಳಗ್ಗೆ ಚಳೀಲಿ ಮಕ್ಕಳು ಬಾಯಿಂದ ಹೊಗೆ ಬಿಡೋ ಆಟ ಆಡ್ತಾರಲ್ಲ, ಅದನ್ನೇ ಪಾಠ ಮಾಡಿದ್ರೆ ಹೆಂಗೆ ಅಂತ. ತಣ್ಣಗಿನ ಸ್ಟೀಲ್ ತಟ್ಟೆ ಬಾಯಿ ಹತ್ರ ಹಿಡ್ಕೊಂಡು 'ಹ' ಅಂದ್ರೆ ದುಂಡಗೆ ಮಂಜು ಕೂರತ್ತೆ, 'ಅ' ಅಂದ್ರೆ ಅಷ್ಟಾಗಿ ಕೂರಲ್ಲ. ಮಂಜಿನ ಮೇಲೆ ಬೆರಳಲ್ಲಿ 'ಹ' ಬರೀಬೇಕು, ಅದು ಆರೋಗೋಷ್ಟರಲ್ಲಿ ಮುಗಿಸ್ಬೇಕು. ಇಪ್ಪತ್ತೆರಡು ಮಕ್ಕಳೂ ಹ ಹ ಹ ಅಂತ ತಟ್ಟೆಗೆ ಉಗುಳು ಹಾರಿಸ್ಕೊಂಡು ಕೂತಿದ್ದು ನೋಡಿ ಪಕ್ಕದ ಕ್ಲಾಸ್ ಮಿಸ್ಸು ಬಾಗಿಲಲ್ಲಿ ನಿಂತು ನಗ್ತಿದ್ರು.

ಅಡ್ಡ ಪರಿಣಾಮನೂ ಆಯ್ತು. ಒಬ್ಬ ಎಲ್ಲದಕ್ಕೂ 'ಹ' ಹಚ್ಚಕ್ಕೆ ಶುರು ಮಾಡ್ದ: ಹವರೆಕಾಯಿ, ಹಮ್ಮ, ಹಿಡ್ಲಿ. ಅವನ ಅಜ್ಜಿ ಕರ್ಕೊಂಡೋಗಕ್ಕೆ ಬಂದಾಗ, "ಏನ್ ಮಿಸ್ಸೇ, ನಮ್ಮೈದ ನಂಗೇ ಆಲು ಅನ್ನಬ್ಯಾಡ ಅಂತ ಪಾಠ ಏಳ್ತಾನೆ" ಅಂದ್ರು. ನಂಗೆ ನಾಚಿಕೆ ಆಯ್ತು. ಅಜ್ಜಿ ಮಾತು ತಪ್ಪಲ್ಲ ಕಣೋ, ಮನೇಲಿ ಆಲು, ಬರೆಯೋವಾಗ ಹಾಲು, ಎರಡೂ ನಮ್ದೇ ಅಂತ ಮಾರನೇ ದಿನ ಕೂರಿಸ್ಕೊಂಡು ಹೇಳ್ದೆ. ನಾನೇ ಮನೇಲಿ 'ಅಂಗೆ ಇಂಗೆ' ಅನ್ನೋಳು. (ಕಾಳು ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳಿ, ಒಬ್ಳು ಮೂಗಿಗೆ ಹಾಕ್ಕೊಳ್ಳೋದ್ರಲ್ಲಿದ್ಲು, ಎದೆ ಧಸಕ್ ಅಂತು.)

ಜನವರಿ. 'ಳ' ಒಂದು ದೊಡ್ಡ ತಲೆನೋವು, ಯಾಕಂದ್ರೆ ಅದ್ರಿಂದ ಶುರುವಾಗೋ ಕನ್ನಡ ಪದನೇ ಇಲ್ಲ, ಮೊದಲ ಶಬ್ದ ಹಿಡಿಯೋ ಆಟ ಒಂದೂ ಕೆಲಸಕ್ಕೆ ಬರಲ್ಲ. ಮನೇಲಿ ಉರ್ದು, ಹಿಂದಿ ಆಡೋ ಐದಾರು ಮಕ್ಕಳಿಗೆ 'ಳ' ಎಲ್ಲ 'ಲ'. ಎಳ್ಳು-ಬೆಲ್ಲ ಕಾಪಾಡ್ತು ನೋಡಿ! ಒಂದರಲ್ಲಿ ಳ್ಳ, ಇನ್ನೊಂದರಲ್ಲಿ ಲ್ಲ. ನಾಲಿಗೆ ತುದಿ ಹಿಂದಕ್ಕೆ ಮಡಚಿದ್ರೆ ಎಳ್ಳು, ಮುಂದೆ ಹಲ್ಲಿನ ಹಿಂದೆ ತಾಗಿಸಿದ್ರೆ ಬೆಲ್ಲ. ಸರಿಯಾಗಿ ಹೇಳ್ದೋರ ಅಂಗೈಗೆ ಅದದೇ ಒಂದ್ ಚಿಟಿಕೆ. ಎಳ್ಳು ಕೇಳೋರೇ ಇರ್ಲಿಲ್ಲ, ಎಲ್ಲರೂ ಬೆಲ್ಲ ಬೆಲ್ಲ ಅಂತಿದ್ರು, ಹಾಗಾಗಿ ಎಳ್ಳು ಹೇಳಿದ್ರೇನೇ ಬೆಲ್ಲ ಅಂತ ರೂಲ್ ಮಾಡ್ಬೇಕಾಯ್ತು. ಐದಾರರಲ್ಲಿ ಮೂವರಿಗೆ ಬಂತು, ಉಳಿದೋರದ್ದು ಇನ್ನೂ 'ಎಲ್ಲು'.

ಮುಂದೆ ಹುಣಸೆಹಣ್ಣಿನ ಕಾಲ. ಹುಲಿ-ಹುಳಿ. ಹುಲಿ ಅಂದ್ರೆ ಘರ್ಜಿಸೋದು, ಹುಳಿ ಅಂದ್ರೆ ಮುಖ ಕಿವುಚೋದು. ಬೀಜ ಮಾತ್ರ ತೆಗೆದೇ ತಗೊಂಡೋಗ್ತೀನಿ.