ನೀರಿನ ಎಂಜಿನಿಯರ್ ಆಗಲು ಏನು ಓದಬೇಕು?

ತೀರ್ಥಹಳ್ಳಿ ಕಡೆ ಯಾವ ಮದುವೆಗೆ ಹೋದರೂ ಪಿಯುಸಿ ಮುಗಿಸಿದ ಮಕ್ಕಳ ಅಪ್ಪ-ಅಮ್ಮ ಕೇಳುವುದು ಇದನ್ನೇ: "ಸಿವಿಲ್ ಅಂದ್ರೆ ಮನೆ, ರಸ್ತೆ ಅಲ್ವಾ ಮಾರಾಯ್ರೆ? ನೀವು ಡ್ಯಾಮು, ಕಾಲುವೆ ಅಂತ ಹೋದದ್ದು ಹೇಗೆ? ಅದಕ್ಕೆ ಬೇರೆ ಡಿಗ್ರಿ ಇದೆಯಾ?"

ಶುರುವಿಗೆ ಬೇರೆ ಡಿಗ್ರಿ ಬೇಕಿಲ್ಲ. ಬಿಇ ಸಿವಿಲ್‌ನಲ್ಲೇ ಫ್ಲೂಯಿಡ್ ಮೆಕ್ಯಾನಿಕ್ಸ್ (ದ್ರವಗಳ ಚಲನೆ), ಹೈಡ್ರಾಲಿಕ್ಸ್ (ಕಾಲುವೆ, ಪೈಪುಗಳಲ್ಲಿ ನೀರಿನ ಹರಿವು), ಹೈಡ್ರಾಲಜಿ (ಮಳೆ-ಹೊಳೆಗಳ ನೀರಿನ ಲೆಕ್ಕ), ನೀರಾವರಿ ಎಲ್ಲವೂ ಬರುತ್ತವೆ. ನಾನು ಬಿಇ ಓದಿದ್ದು ಶಿವಮೊಗ್ಗದಲ್ಲಿ, ಗೇಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್ ಮಾಡಿದ್ದು ಸುರತ್ಕಲ್‌ನಲ್ಲಿ. ಬೆಂಗಳೂರಿನ ಐಐಎಸ್‌ಸಿ, ರೂರ್ಕಿಯ ಐಐಟಿಗಳಲ್ಲೂ ನೀರಿನ ವಿಷಯದಲ್ಲಿ ಉನ್ನತ ಓದಿದೆ.

ನನ್ನನ್ನು ಈ ಕಡೆ ಎಳೆದದ್ದು ಲ್ಯಾಬಿನ ಗಾಜಿನ ಕಾಲುವೆ. ಗೇಟಿನ ಅಡಿಯಿಂದ ತೆಳ್ಳಗೆ, ಶರವೇಗದಲ್ಲಿ ಹೊರಟ ನೀರು ಸ್ವಲ್ಪ ದೂರದಲ್ಲಿ ಇದ್ದಕ್ಕಿದ್ದಂತೆ ಎದ್ದು, ನೊರೆಗಟ್ಟಿ ಮಗುಚಿ, ಆಮೇಲೆ ನಿಧಾನವಾಗಿ ಮುಂದೆ ಸಾಗುತ್ತದೆ. ಇದು ಹೈಡ್ರಾಲಿಕ್ ಜಂಪ್. ನೀರಿನ ಶಕ್ತಿಯ ದೊಡ್ಡ ಪಾಲು ಆ ಮಗುಚಾಟದಲ್ಲೇ ಕರಗುತ್ತದೆ. ಎಷ್ಟೋ ಅಣೆಕಟ್ಟುಗಳ ಬುಡದಲ್ಲಿ ಬೇಕೆಂದೇ ಇದನ್ನು ಮಾಡಿಸುತ್ತಾರೆ. ಇಲ್ಲದಿದ್ದರೆ ಮೇಲಿಂದ ಇಳಿದ ನೀರು ಬುಡವನ್ನೇ ಕೊರೆದೀತು. ಗಾಜನೂರು, ಲಕ್ಕವಳ್ಳಿ, ಲಿಂಗನಮಕ್ಕಿ ಅಣೆಕಟ್ಟುಗಳ ನಡುವೆ ಬೆಳೆದ ನಮ್ಮ ಮಕ್ಕಳು ಇದನ್ನು ಒಮ್ಮೆ ಗಾಜಿನ ಮೂಲಕ ನೋಡಬೇಕು.

ಆದರೆ ಮಲೆನಾಡಿನಲ್ಲಿ ಹೆಚ್ಚು ಕೆಲಸ ಇರುವುದು ಡ್ಯಾಮಿನಲ್ಲಲ್ಲ, ರಸ್ತೆಯಡಿ ನೀರು ದಾಟಿಸುವ ಮೋರಿಯಲ್ಲಿ. 36 ಹೆಕ್ಟೇರ್ ಗುಡ್ಡದ ಮೇಲೆ ಗಂಟೆಗೆ 100 ಮಿಲಿಮೀಟರ್ ರಭಸದಲ್ಲಿ ಮಳೆ ಹೊಯ್ದು, ಅದರಲ್ಲಿ ಅರ್ಧವೇ ಹರಿದು ಬಂದರೂ ಸೆಕೆಂಡಿಗೆ 5 ಘನ ಮೀಟರ್, ಅಂದರೆ 5,000 ಲೀಟರ್. ಎರಡಡಿ ವ್ಯಾಸದ ಪೈಪಿನಲ್ಲಿ ನೀರು ಸೆಕೆಂಡಿಗೆ 3 ಮೀಟರ್ ಓಡಿದರೂ 1 ಘನ ಮೀಟರ್ ದಾಟುವುದಿಲ್ಲ. ಉಳಿದದ್ದು ರಸ್ತೆ ಹತ್ತುತ್ತದೆ, ಇಲ್ಲವೇ ಪಕ್ಕದ ಅಡಿಕೆ ತೋಟಕ್ಕೆ ನುಗ್ಗುತ್ತದೆ. ಈ ಲೆಕ್ಕಕ್ಕೆ ಬಿಇ ಓದು ಧಾರಾಳ ಸಾಕು. ಇಷ್ಟೂ ಮಾಡದೆ ಪೈಪು ಹೂಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪುಸ್ತಕದಲ್ಲಿ ಪೂರ್ತಿ ಸಿಗದ್ದೂ ಒಂದಿದೆ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರವನ್ನೇ ಕಾಲುವೆಗಳಲ್ಲಿ ನೀರು ಹರಿಯುವ ವೇಗ ಲೆಕ್ಕ ಹಾಕಲು ಇಂದಿಗೂ ಬಳಸುತ್ತೇವೆ. ಅದರಲ್ಲಿ ತಳದ ಒರಟುತನಕ್ಕೆ 'ಎನ್' ಎಂಬ ಅಂಕಿ. ನಯವಾದ ಕಾಂಕ್ರೀಟಿಗೆ 0.013, ಕಲ್ಲು-ಕಳೆ ತುಂಬಿದ ಹಳ್ಳಕ್ಕೆ 0.035 ಅಥವಾ ಇನ್ನೂ ಹೆಚ್ಚು. ಅದೇ ಅಗಲ, ಅದೇ ಆಳ, ಅದೇ ಇಳಿಜಾರು ಇದ್ದರೂ ಹಳ್ಳ ಒಯ್ಯುವ ನೀರು ಕಾಂಕ್ರೀಟ್ ಕಾಲುವೆಯ ಶೇ. 40ನ್ನೂ ಮುಟ್ಟುವುದಿಲ್ಲ. ಯಾವ ಹಳ್ಳಕ್ಕೆ ಯಾವ ಅಂಕಿ ಎಂಬುದು ಆಷಾಢದ ಮಳೆಯಲ್ಲಿ ಹಳ್ಳದ ಗುಂಟ ನಡೆದವರಿಗೇ ಸರಿಯಾಗಿ ಗೊತ್ತಾಗುತ್ತದೆ.

ಹಾಗಾದರೆ ಎಂ.ಟೆಕ್ ಬೇಕೇ? ಅಣೆಕಟ್ಟಿನ ವಿನ್ಯಾಸ, ಪ್ರವಾಹದ ಮುನ್ಸೂಚನೆ, ಸಂಶೋಧನೆ ಬೇಕೆನ್ನುವವರು ಖಂಡಿತ ಮಾಡಲಿ. ಗಣಿತ ಇಷ್ಟಪಡುವ ಮಕ್ಕಳು ಧೈರ್ಯವಾಗಿ ಬರಲಿ. ಡಿಪ್ಲೊಮಾಕ್ಕೆ ಸೇರಿಸಿ ಆಗಿದೆ ಎನ್ನುವವರೂ ಚಿಂತಿಸಬೇಕಿಲ್ಲ: ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರ ಎರಡನೇ ವರ್ಷದ ಬಿಇಗೆ ಸೇರಬಹುದು.