ಡಲ್ಲಾಸ್‌ನಿಂದ ಗ್ರಾಫಿಕ್ಸ್ ಕಾರ್ಡ್ ತರಬೇಕಾ? ಮೊದಲು ಈ ಲೆಕ್ಕ ನೋಡಿ

ಡಿಸೆಂಬರ್ ರಜೆಗೆ ಅಮೆರಿಕದ ಡಲ್ಲಾಸ್‌ನಿಂದ ಹುಬ್ಬಳ್ಳಿಗೆ ಬರುತ್ತೇನೆ ಅಂತ ಗೊತ್ತಾದರೆ ಸಾಕು, ವಾಟ್ಸಾಪ್‌ನಲ್ಲಿ ಸಾಲು ಸಾಲು ಮೆಸೇಜ್. ಮೊದಲೆಲ್ಲ ಐಫೋನ್ ಕೇಳುತ್ತಿದ್ದರು. ಆಮೇಲೆ ವಿಟಮಿನ್ ಮಾತ್ರೆ, ಶೂ. ಈ ಸಲ, ಅಂದರೆ 2025ರ ಡಿಸೆಂಬರ್‌ಗೆ, ಎಲ್ಲರದೂ ಒಂದೇ ಬೇಡಿಕೆ: "ಬರೂಮುಂದ ಒಂದ್ 5070 ತಗೊಂಡ ಬಾರೋ, ಅಲ್ಲೆ ಅಗ್ಗ ಸಿಗತೈತಲ್ಲ?" 5070 ಅಂದರೆ ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್, ಗೇಮ್ ಆಡಲು, ವಿಡಿಯೊ ಎಡಿಟ್ ಮಾಡಲು ಕಂಪ್ಯೂಟರಿನೊಳಗೆ ಹಾಕುವ ಬಿಡಿಭಾಗ. ಕೇಳಿದವರಲ್ಲಿ ವಿದ್ಯಾನಗರದ ಎಂಜಿನಿಯರಿಂಗ್ ಹುಡುಗರಿದ್ದಾರೆ. ಗದಗದಲ್ಲಿ ಮದುವೆ ವಿಡಿಯೊ ಮಾಡುವ ಗೆಳೆಯನಿದ್ದಾನೆ. ಹಾವೇರಿಯಲ್ಲಿ ಗೇಮಿಂಗ್ ಕೆಫೆ ತೆರೆಯಬೇಕು ಅಂತಿರುವ ದೂರದ ಸಂಬಂಧಿಯೂ ಇದ್ದಾನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುವ ಬದಲು ಎಲ್ಲ ಇಲ್ಲೇ ಬರೆಯುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. 2025ರ ಬೆಲೆ, ನಿಯಮಗಳ ಲೆಕ್ಕದಲ್ಲಿ ನಿಮ್ಮಲ್ಲಿ ಬಹಳಷ್ಟು ಜನ ಊರಲ್ಲೇ ತಗೊಳ್ಳುವುದು ಲಾಭ. ಹೊತ್ತು ತರಲು ನನಗೆ ಬೇಸರ ಅಂತ ಹೀಗೆ ಹೇಳುತ್ತಿಲ್ಲ. (ಸ್ವಲ್ಪ ಅದೂ ಇದೆ.) ಲೆಕ್ಕವೇ ಹಾಗಿದೆ.

2025ರ ಜನವರಿ 6ರಂದು ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಆರ್‌ಟಿಎಕ್ಸ್ 50 ಸರಣಿಯನ್ನು ತೋರಿಸಿದರು. ನಮ್ಮೂರಲ್ಲಿ ಆಗ ಏಳನೇ ತಾರೀಖಿನ ಬೆಳಗ್ಗೆ. 5090ಕ್ಕೆ 1,999 ಡಾಲರ್, 5080ಕ್ಕೆ 999, 5070 ಟಿಐಗೆ 749, 5070ಕ್ಕೆ 549. ಭಾರತದ ಬೆಲೆಯೂ ಜೊತೆಗೇ ಹೊರಬಂತು: ಕ್ರಮವಾಗಿ 2,14,000, 1,07,000, 80,000 ಮತ್ತು 59,000 ರೂಪಾಯಿ. 549 ಡಾಲರ್‌ನ 5070 ಹಿಂದಿನ ಸರಣಿಯ 4090ರಷ್ಟೇ ಕೆಲಸ ಮಾಡುತ್ತದೆ ಅಂತ ವೇದಿಕೆಯಲ್ಲಿ ಹೇಳಿದ್ದು ನಿಮಗೂ ನೆನಪಿರಬಹುದು. ಆ 4090 ಬಿಡುಗಡೆಯಾದಾಗ 1,599 ಡಾಲರ್ ಇತ್ತು. ಮೂರನೇ ಒಂದು ಭಾಗದ ದುಡ್ಡಿಗೆ ಅದೇ ಕಾರ್ಡ್ ಅಂದರೆ ಯಾರಿಗೆ ಬೇಡ?

ಆದರೆ ಆ ಮಾತು ನಿಂತಿದ್ದು ಫ್ರೇಮ್ ಜನರೇಷನ್ ಮೇಲೆ. ಕಾರ್ಡ್ ನಿಜವಾಗಿ ಬಿಡಿಸಿದ ಒಂದು ಫ್ರೇಮಿನ (ಪರದೆಯ ಒಂದು ಚಿತ್ರದ) ಹಿಂದೆ ಎಐ ಊಹಿಸಿದ ಮೂರು ಫ್ರೇಮ್ ತನಕ ಆಗ ಸೇರಿಸುತ್ತಿದ್ದರು. ಗೇಮ್ ನುಣುಪಾಗಿ ಕಾಣುತ್ತದೆ, ನಿಜ. ಮದುವೆ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಅದರಿಂದ ನಯಾಪೈಸೆ ಉಪಯೋಗ ಇಲ್ಲ. 4090ದಲ್ಲಿ 24 ಜಿಬಿ ಮೆಮೊರಿ ಇದೆ, 5070ದಲ್ಲಿ 12. ಗದಗದ ಗೆಳೆಯನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಹಂಗಾದ್ರ ಸ್ಟೇಜ್ ಮ್ಯಾಲೆ ಸುಳ್ಳ ಹೇಳಿದ್ನೇನು?" ಅಂದ. ಸುಳ್ಳಲ್ಲ, ವ್ಯಾಪಾರ ಅಂದೆ.

ಇನ್ನು ಇಲ್ಲಿನ "ಅಗ್ಗ"ದ ವಿಷಯ. ಜನವರಿ 30ಕ್ಕೆ 5090 ಮತ್ತು 5080 ಮಾರಾಟ ಶುರುವಾಯಿತು. ನಾನಿರುವ ಡಲ್ಲಾಸ್‌ನಲ್ಲಿ ಮೈಕ್ರೋ ಸೆಂಟರ್ ಅಂತ ಕಂಪ್ಯೂಟರ್ ಬಿಡಿಭಾಗಗಳ ದೊಡ್ಡ ಅಂಗಡಿ ಇದೆ. ಇಂಥ ಕಾರ್ಡ್‌ಗಳನ್ನು ಅವರು ಆನ್‌ಲೈನ್‌ನಲ್ಲಿ ಕಳಿಸುವುದಿಲ್ಲ, ಅಂಗಡಿಗೇ ಹೋಗಿ ತಗೊಳ್ಳಬೇಕು. ಈ ದೇಶದ ಹಲವು ಊರುಗಳಲ್ಲಿ ಆ ಅಂಗಡಿಗಳ ಮುಂದೆ ಜನ ಚಳಿಯಲ್ಲಿ ಟೆಂಟ್ ಹಾಕಿಕೊಂಡು ರಾತ್ರಿ ಕಳೆದರು. ಬಾಗಿಲು ತೆರೆದ ಕೆಲವೇ ಹೊತ್ತಿಗೆ ಸ್ಟಾಕ್ ಖಾಲಿ. ಆನ್‌ಲೈನ್ ಅಂಗಡಿಗಳಲ್ಲಿ ಪುಟ ತೆರೆದುಕೊಳ್ಳುವಷ್ಟರಲ್ಲೇ "ಮುಗಿದಿದೆ" ಅಂತ ಬರುತ್ತಿತ್ತು. ಅದೇ ದಿನ ಸಂಜೆ, ಯಾರು ಬೇಕಾದರೂ ಸಾಮಾನು ಮಾರಬಹುದಾದ ಈಬೇ ತಾಣದಲ್ಲಿ 2,000 ಡಾಲರ್‌ನ ಕಾರ್ಡ್‌ಗೆ ಎರಡು ಪಟ್ಟಿಗೂ ಜಾಸ್ತಿ ಹೇಳುತ್ತಿದ್ದರು. ಕೊನೆಗೆ ಎನ್ವಿಡಿಯಾ ಕಂಪನಿಯೇ, ಜನವರಿ 30ಕ್ಕೂ ಮೊದಲಿನ ಅಕೌಂಟ್ ಇರುವವರಿಗೆ ಮಾತ್ರ ಅಂತ, ಆಹ್ವಾನ ಕಳಿಸಿ ಮಾರುವ ಏರ್ಪಾಡು ಮಾಡಿತು. ದುಡ್ಡು ಕೈಯಲ್ಲಿ ಹಿಡಿದುಕೊಂಡು ಆಹ್ವಾನಕ್ಕೆ ಕಾಯಬೇಕಿತ್ತು. ಅಮೆರಿಕ ಅಂದರೆ ಎಲ್ಲ ಕಪಾಟಿನಲ್ಲಿ ಸಿಗುತ್ತದೆ ಅಂದುಕೊಂಡವರು ಇದನ್ನು ನಂಬುವುದೇ ಇಲ್ಲ.

ಬ್ಯಾಡಗಿ ಮಾರುಕಟ್ಟೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆವಕ ಇಲ್ಲದ ದಿನ ಬಾಯಿಮಾತಿನ ದರಕ್ಕೆ ಬೆಲೆ ಇಲ್ಲ, ಮಾಲು ಇದ್ದವನು ಹೇಳಿದ್ದೇ ದರ. ಅದೂ ಅಲ್ಲದೆ, ಇಲ್ಲಿ ಕಂಪನಿ ಘೋಷಿಸುವುದು ಬರೀ ಸೂಚನೆಯ ಬೆಲೆ. ಅಂಗಡಿಯವನು ಅದಕ್ಕಿಂತ ಜಾಸ್ತಿಗೆ ಮಾರಿದರೆ ಯಾವ ಕಾನೂನೂ ತಡೆಯುವುದಿಲ್ಲ. ಮಾರ್ಚ್ 6ಕ್ಕೆ ಬಂದ, ಎನ್ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ ಕಂಪನಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಬೆಲೆ 599 ಡಾಲರ್. ಮೊದಲ ಕಂತು ಆ ಬೆಲೆಗೆ ಮಾರಾಟವಾಯಿತು. ಆಮೇಲೆ ತಿಂಗಳುಗಟ್ಟಲೆ 700ಕ್ಕಿಂತ ಕೆಳಗೆ ಸಿಗುವುದೇ ಕಷ್ಟವಾಗಿತ್ತು.

ಯಾಕೆ ಹೀಗೆ? ಎನ್ವಿಡಿಯಾ ಚಿಪ್ ತಾನೇ ತಯಾರಿಸುವುದಿಲ್ಲ. ತೈವಾನ್‌ನ ಟಿಎಸ್‌ಎಂಸಿ ಕಂಪನಿ ಮಾಡಿಕೊಡುತ್ತದೆ. ಎಐ ಡೇಟಾ ಸೆಂಟರ್‌ಗೆ ಹೋಗುವ ಚಿಪ್‌ಗಳೂ ಅಲ್ಲೇ ತಯಾರಾಗುತ್ತವೆ. 2025ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್ವಿಡಿಯಾದ ಒಟ್ಟು ಆದಾಯ 130.5 ಶತಕೋಟಿ ಡಾಲರ್. ಅದರಲ್ಲಿ ಡೇಟಾ ಸೆಂಟರ್‌ನಿಂದ ಬಂದದ್ದು 115.2 ಶತಕೋಟಿ. ಗೇಮಿಂಗ್‌ನಿಂದ 11.4. ಅಂದರೆ ನೂರು ರೂಪಾಯಿಯಲ್ಲಿ ನಮ್ಮಂಥವರ ಪಾಲು ಒಂಬತ್ತು ರೂಪಾಯಿಯೂ ಇಲ್ಲ. ಕಂಪನಿಯ ಕಣ್ಣು ಯಾವ ಕಡೆ ಇರುತ್ತದೆ ನೀವೇ ಹೇಳಿ. 2021ರಲ್ಲಿ ಕಾರ್ಡ್ ಸಿಗದೇ ಹೋದಾಗ ಎಲ್ಲರೂ ಕ್ರಿಪ್ಟೊ ಮೈನಿಂಗ್ ಮಾಡುವವರನ್ನು ಬೈದೆವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೊ ಹಣ ಮೈನಿಂಗ್ ಬೇಡದ ಪದ್ಧತಿಗೆ ಬದಲಾದ ಮೇಲೆ ಆ ಕಾಟ ತಪ್ಪಿತು. ಈ ಸಲದ ಎದುರಾಳಿ ಅಷ್ಟು ಸುಲಭಕ್ಕೆ ಹೋಗುವವನಲ್ಲ.

ಸರಿ, ಕಾರ್ಡ್ ಘೋಷಿತ ಬೆಲೆಗೇ ಸಿಕ್ಕಿತು ಅಂತಿಟ್ಟುಕೊಳ್ಳಿ. ವರ್ಷ ಕಳೆಯುತ್ತ ಬಂದ ಹಾಗೆ 5070ರಂಥ ಕಾರ್ಡ್‌ಗಳು ಆ ಬೆಲೆಗೆ ಸಿಗಲೂ ಶುರುವಾದವು. ಈಗ ಪೆನ್ನು ತಗೊಳ್ಳಿ.

ಇಲ್ಲಿ ಬೋರ್ಡಿನ ಮೇಲಿನ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಡಲ್ಲಾಸ್‌ನಲ್ಲಿ ಶೇ 8.25 ಮಾರಾಟ ತೆರಿಗೆ. ಊರಿನಲ್ಲಿ ಹೇಳುವ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಒಳಗೇ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವಾಗ ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಇನ್ನು ವಿಮಾನ ನಿಲ್ದಾಣದ ಕಸ್ಟಮ್ಸ್. 2025ರಲ್ಲಿದ್ದ ನಿಯಮದಲ್ಲಿ ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾಗಿದ್ದದ್ದು 50,000 ರೂಪಾಯಿಯ ಸಾಮಾನು. ಅದರ ಮೇಲಿನದಕ್ಕೆ ಸರ್‌ಚಾರ್ಜ್ ಸೇರಿ ಶೇ 38.5 ಸುಂಕ ಬೀಳುತ್ತಿತ್ತು.

5080 ತಗೊಳ್ಳೋಣ. 999ಕ್ಕೆ ತೆರಿಗೆ ಸೇರಿದರೆ ಸುಮಾರು 1,081 ಡಾಲರ್. ಬಿಡುಗಡೆಯ ಹೊತ್ತಿನಲ್ಲಿದ್ದಂತೆ ಡಾಲರಿಗೆ 86 ರೂಪಾಯಿ ಹಿಡಿದರೆ 93,000. ಅದರಲ್ಲಿ 50,000 ಕಳೆದು ಉಳಿದ 43,000ಕ್ಕೆ ಸುಂಕ 16,500ರ ಆಸುಪಾಸು. ಒಟ್ಟು 1,09,500. ಊರಿನ ಬಿಡುಗಡೆ ಬೆಲೆ 1,07,000! ಇಷ್ಟು ದೂರ ಹೊತ್ತು ತಂದು ಜಾಸ್ತಿ ಕೊಟ್ಟ ಹಾಗಾಯಿತು. 5090 ಆದರೆ ಇನ್ನೂ ಮಜಾ. ಎಲ್ಲ ಸೇರಿ 2,38,000 ದಾಟುತ್ತದೆ. ಊರಿಗಿಂತ 24,000 ಮೇಲೆ. 5070 ಟಿಐನಲ್ಲಿ ಎರಡೂವರೆ ಸಾವಿರ ಉಳಿಯುತ್ತದೆ, 5070ದಲ್ಲಿ ಏಳೂವರೆ ಸಾವಿರ. ಆದರೆ ಈ ಉಳಿತಾಯ ನನ್ನ ಬ್ಯಾಗಿನಲ್ಲಿ ಸುಂಕ ಬೀಳುವ ಬೇರೆ ಏನೂ ಇಲ್ಲದಿದ್ದರೆ ಮಾತ್ರ. ಅಕ್ಕನ ಮಕ್ಕಳಿಗೆ ಏನೂ ತರದೆ ಮನೆ ಹೊಕ್ಕರೆ ನನ್ನ ಗತಿ ಏನು ಅಂತ ನಿಮಗೂ ಗೊತ್ತು. ಮೇಲಾಗಿ ಇದು 86ರ ಲೆಕ್ಕ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು.

"ವೈನಿದೂ ನಿಂದೂ ಕೂಡಿಸಿದ್ರ ಒಂದ್ ಲಕ್ಷ ಆತಲ್ಲ" ಅಂತ ಒಬ್ಬ ಬುದ್ಧಿವಂತ ಕೇಳಿದ. ಆಗುವುದಿಲ್ಲ. ಇಬ್ಬರ ವಿನಾಯಿತಿಯನ್ನು ಒಂದೇ ವಸ್ತುವಿಗೆ ಕೂಡಿಸಲು ನಿಯಮದಲ್ಲಿ ಅವಕಾಶ ಇಲ್ಲ. ಡಬ್ಬಿ ಬಿಸಾಕಿ ಸೀರೆಯಲ್ಲಿ ಸುತ್ತಿಕೊಂಡು ಬಾ ಅಂತ ಇನ್ನೊಬ್ಬನ ಸಲಹೆ. ಅದನ್ನು ನಾನು ಮಾಡುವುದಿಲ್ಲ, ನೀವೂ ಯಾರಿಗೂ ಹೇಳಬೇಡಿ. ಒಂದು ಅಡಿ ದಾಟುವ, ಮೂರು ಫ್ಯಾನಿನ ವಸ್ತು ಸ್ಕ್ಯಾನರ್‌ನಲ್ಲಿ ಸೀರೆಯ ಹಾಗೆ ಕಾಣುವುದೂ ಇಲ್ಲ.

ತರಲು ನಿಜಕ್ಕೂ ಲಾಭ ಇರುವ ವಸ್ತು ಒಂದಿದೆ: ಲ್ಯಾಪ್‌ಟಾಪ್. 18 ವರ್ಷ ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ಅದು ಆ 50,000ದ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಹೆಸರು ನೋಡಿ ಮೋಸಹೋಗಬೇಡಿ. ಲ್ಯಾಪ್‌ಟಾಪಿನ 5070 ಬೇರೆ ಚಿಪ್, ಮೆಮೊರಿ 8 ಜಿಬಿ ಮಾತ್ರ. ಹೆಸರಿನ ಈ ಆಟ ನನಗೆ ಒಂಚೂರೂ ಇಷ್ಟವಿಲ್ಲ. 5060 ಟಿಐ ಕೂಡ ಹಾಗೇ. ಬಿಡುಗಡೆಯಾದಾಗ 379 ಡಾಲರಿಗೆ 8 ಜಿಬಿ, 429ಕ್ಕೆ 16 ಜಿಬಿ, ಡಬ್ಬಿಯ ಮೇಲೆ ಹೆಸರು ಒಂದೇ. ಎಡಿಟಿಂಗ್ ಮಾಡುವವರು ಸುಮ್ನೆ 16ರದ್ದೇ ತಗೊಳ್ಳಿ.

ವಾರಂಟಿ ವಿಷಯ ಯಾರೂ ಕೇಳಲಿಲ್ಲ. ನನಗೆ ಅದೇ ದೊಡ್ಡದು. ಬಹಳಷ್ಟು ಬ್ರ್ಯಾಂಡ್‌ಗಳ ವಾರಂಟಿ ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ. 50 ಸರಣಿಯ ಮೊದಲ ಕಂತಿನಲ್ಲಿ ಕೆಲವು ಕಾರ್ಡ್‌ಗಳ ಚಿಪ್ಪಿನಲ್ಲಿ ಚಿತ್ರ ಮೂಡಿಸುವ ಘಟಕಗಳೇ ಕಡಿಮೆ ಇದ್ದವು. ಶೇ 0.5ರಷ್ಟು ಕಾರ್ಡ್‌ಗಳಲ್ಲಿ ಹೀಗಾಗಿದೆ, ಬದಲಾಯಿಸಿ ಕೊಡುತ್ತೇವೆ ಅಂತ ಕಂಪನಿಯೇ ಒಪ್ಪಿಕೊಂಡಿತು. ಅಂಥದ್ದು ಗದಗದ ಸ್ಟುಡಿಯೊದಲ್ಲಿ ಕೂತಿದ್ದರೆ ಬದಲಾಯಿಸಲು ಮತ್ತೆ ಡಲ್ಲಾಸ್‌ಗೆ ಬರಬೇಕು. ನಾನು ಊರಿಗೆ ಬರುವುದು ವರ್ಷಕ್ಕೊಂದು ಸಲ.

ಹುಬ್ಬಳ್ಳಿ ಅಂಗಡಿಗಳ ಬಗ್ಗೆ ದೂರು ಇದ್ದೇ ಇರುತ್ತದೆ. ಹೊಸ ಕಾರ್ಡ್ ಕೇಳಿದರೆ "ಬೆಂಗಳೂರಿಂದ ತರಸಬೇಕ್ರಿ, ಅಡ್ವಾನ್ಸ್ ಕೊಡ್ರಿ" ಅನ್ನುತ್ತಾರೆ. ಸ್ಟಾಕ್ ಕಮ್ಮಿ ಇದ್ದಾಗ ಪವರ್ ಸಪ್ಲೈ, ಮಾನಿಟರ್ ಜೊತೆಗೇ ತಗೊಳ್ಳಿ ಅಂತ ಗಂಟು ಹಾಕುವವರೂ ಇದ್ದಾರೆ. ಇಲ್ಲೂ ಅದೇ ಮಾಡುತ್ತಾರೆ, ಸಮಾಧಾನ ಮಾಡಿಕೊಳ್ಳಿ. ಆದರೆ ಊರಿನ ಅಂಗಡಿಯವನು ಎದುರಿಗೆ ಕೂರಿಸಿಕೊಂಡು, ಚಹಾ ತರಿಸಿ, ಪೂರ್ತಿ ಪಿಸಿ ಜೋಡಿಸಿ, ಆನ್ ಮಾಡಿ ತೋರಿಸಿ ಕಳಿಸುತ್ತಾನೆ. ಇಲ್ಲಿ ಜೋಡಿಸಿಕೊಡಿ ಅಂದರೆ ಅದಕ್ಕೆ ಬೇರೆ ಬಿಲ್. ಇಲ್ಲಿನ ಒಳ್ಳೆಯದು ಅಂದರೆ ರಿಟರ್ನ್. ಇಷ್ಟವಾಗಲಿಲ್ಲ ಅಂದರೆ ಕೆಲವು ವಾರದೊಳಗೆ ವಾಪಸ್ ಕೊಡಬಹುದು. ಆ ಸುಖ ಕಾರ್ಡ್ ಸಮುದ್ರ ದಾಟಿದ ಮೇಲೆ ಸಿಗುವುದಿಲ್ಲ.

ಕರೆಂಟು ಕೂಡ ಲೆಕ್ಕಕ್ಕೆ ತಗೊಳ್ಳಿ. 5090 ಒಂದೇ 575 ವಾಟ್ ಎಳೆಯುತ್ತದೆ, 1,000 ವಾಟ್‌ನ ಪವರ್ ಸಪ್ಲೈ ಬೇಕು. ಮೇಜಿನ ಕೆಳಗಿನ ಸಣ್ಣ ಯುಪಿಎಸ್ ಕರೆಂಟು ಹೋದ ಕ್ಷಣವೇ ಕೈ ಎತ್ತುತ್ತದೆ. ಹಾವೇರಿಯ ಕೆಫೆಗೆ 145 ವಾಟ್‌ನ 5060 ಸಾಕು. ಹತ್ತು ಮಷಿನ್ ಹಾಕುವವನಿಗೆ ಬಿಲ್ಲಿನಲ್ಲೇ ಗೊತ್ತಾಗುತ್ತದೆ.

ಇನ್ನೂ ಕಾಯಬೇಕಾ? ಆರು ತಿಂಗಳ ಹಿಂದೆ ಕೇಳಿದ್ದರೆ ಕಾಯಿರಿ ಅನ್ನುತ್ತಿದ್ದೆ. ಈಗ ಹಾಗಿಲ್ಲ. ಎಐ ಸರ್ವರ್‌ಗಳ ಹಸಿವಿಗೆ ಮೆಮೊರಿ ಚಿಪ್ ಸಾಲುತ್ತಿಲ್ಲ. 2025ರ ಕೊನೆಯ ಕೆಲವೇ ತಿಂಗಳಲ್ಲಿ ಹೊಸ ಕಂಪ್ಯೂಟರಿಗೆ ಹಾಕುವ ಡಿಡಿಆರ್5 ರ್‍ಯಾಮ್ ದರ ಇಲ್ಲಿ ಎರಡು ಮೂರು ಪಟ್ಟಾಯಿತು. ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಗ್ರಾಫಿಕ್ಸ್ ಕಾರ್ಡಿನ ಮೇಲೂ ಮೆಮೊರಿ ಇದೆ, ಅಲ್ವಾ? ಆ ಬಿಸಿ ಅದಕ್ಕೂ ತಟ್ಟುತ್ತದೆ ಅಂತ ನನ್ನ ಅಂದಾಜು. ಕೆಲಸಕ್ಕೆ ಬೇಕಿರುವವರು, ಬೆಲೆ ಹಿಡಿಸಿದರೆ ಈಗಲೇ ತಗೊಳ್ಳಿ. ಆಟಕ್ಕೆ ಮಾತ್ರ ಬೇಕು, ಹಳೇ ಕಾರ್ಡ್ ಓಡುತ್ತಿದೆ ಅನ್ನುವವರು ಅದನ್ನೇ ಧೂಳು ಹೊಡೆದು ಓಡಿಸಿ.

ಗದಗದ ಗೆಳೆಯನಿಗೆ ಕೊನೆಗೆ ಹೇಳಿದ ಲೆಕ್ಕ ಸ್ಟುಡಿಯೊ, ಪ್ರೆಸ್, ಡಿಸೈನ್ ಕೆಲಸ ಮಾಡುವ ಎಲ್ಲರಿಗೂ ಉಪಯೋಗ. ಅವನ ಸ್ಟುಡಿಯೊಗೆ ಜಿಎಸ್‌ಟಿ ನೋಂದಣಿ ಇದೆ. 59,000ದ ಕಾರ್ಡಿನಲ್ಲಿ ಸರಿಯಾಗಿ 9,000 ಜಿಎಸ್‌ಟಿ. ವ್ಯವಹಾರಕ್ಕೆ ಕೊಂಡದ್ದಾದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಅಂದರೆ ಕೈಯಿಂದ ಹೋಗುವುದು 50,000. ನಾನು ತಂದರೆ, 86ರ ಡಾಲರಿನಲ್ಲೂ, 51,500. ಟೆಕ್ಸಾಸ್‌ನ ಬಿಲ್ಲಿಗೆ ಕ್ರೆಡಿಟ್ ಸಿಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದಲ್ಲೋ" ಅಂದ. ಮರುದಿನವೇ ಹುಬ್ಬಳ್ಳಿಯಲ್ಲಿ ವಿಚಾರಿಸಿ ಬಂದ. ನೀವೂ ಹೋಗುವುದಾದರೆ ಬಿಲ್ ಸ್ಟುಡಿಯೊ ಹೆಸರಿನಲ್ಲೇ ಮಾಡಿಸಿ, ಜಿಎಸ್‌ಟಿ ನಂಬರ್ ಹಾಕಿಸಿ, ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿಗೆ ಹೋದಾಗ ಅದನ್ನೇ ಮೊದಲು ಕೇಳುತ್ತಾರೆ.