ಗೋಪುರ ಎಲ್ಲಿ ಅಂದರು ಭಾವ

ಮೊನ್ನೆ ಮೈಸೂರಿಂದ ಬಂದ ಭಾವನನ್ನು ಮುರುಡೇಶ್ವರ, ಭಟ್ಕಳ ಅಂತ ಸುತ್ತಾಡಿಸಿದೆ. ಮುರುಡೇಶ್ವರದ 20 ಅಂತಸ್ತಿನ ಗೋಪುರಕ್ಕೆ ಲಿಫ್ಟಲ್ಲಿ ಹೋಗಿ ಸಮುದ್ರ ನೋಡಿ ಖುಷಿಯಾಗಿದ್ದವರು, ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಎದುರು ನಿಂತು "ಇದೇನಪ್ಪಾ, ಮನೆ ಥರ ಇದೆ, ಗೋಪುರ ಎಲ್ಲಿ?" ಅಂದುಬಿಟ್ಟರು.

ಮನೆ ಥರ ಇರುವುದೇ ಅದರ ಚಂದ ಅಲ್ವಾ! ಅದರ ಮಾಡು ಹಂಚಿನದಲ್ಲ, ಇಳಿಜಾರಾಗಿ ಜೋಡಿಸಿದ ಕಲ್ಲಿನ ಚಪ್ಪಡಿಗಳದ್ದು. ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ನೀರು ಇಳಿಯದ ಹಾಗೆ ಉದ್ದಕ್ಕೊಂದು ಕಲ್ಲಿನ ಪಟ್ಟಿ, ಥೇಟ್ ಹಲಗೆ ಸಂದಿಗೆ ಮರದ ಪಟ್ಟಿ ಹೊಡೆದ ಹಾಗೆ. ಬದಿಯಲ್ಲಿ ಅಡ್ಡಡ್ಡ ಕಲ್ಲಿನ ಪಟ್ಟಿಗಳ ಮರೆ. ಮಳೆಗಾಲಕ್ಕೆ ನಾವು ಜಗಲಿಗೆ ತಟ್ಟಿ ಕಟ್ಟುತ್ತೇವಲ್ಲ, 16ನೇ ಶತಮಾನದ ಕಲ್ಲುಕುಟಿಗರು ಅದನ್ನೇ ಕಲ್ಲಿನಲ್ಲಿ ಮಾಡಿಟ್ಟಿದ್ದಾರೆ. ಗಾಳಿ ಬರಬೇಕು, ಎರಚಲು ಬರಬಾರದು.

ನಾಗರ, ದ್ರಾವಿಡ, ವೇಸರ ಅಂತ ಶಾಲೆಯಲ್ಲಿ ಓದಿದ ಮೂರು ದೇವಸ್ಥಾನ ಶೈಲಿಗಳಲ್ಲಿ ನಮ್ಮ ಕರಾವಳಿಯ ಹಳೇ ಗುಡಿ ಯಾವುದರಲ್ಲೂ ಸರಿಯಾಗಿ ಕೂರುವುದಿಲ್ಲ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಗೆದರೆ ಸಿಗುವುದು ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಬೇಲೂರಿನವರಿಗೆ ಮೆತ್ತನೆ ಬಳಪದ ಕಲ್ಲು ಸಿಕ್ಕಿತು, ಕುಸುರಿ ಕೆತ್ತಿದರು. ತೂತು ತೂತಾದ ಚಿರೇಕಲ್ಲಲ್ಲಿ ಮದನಿಕೆಯ ಮೂಗು ಕೆತ್ತಿ ನೋಡಿ, ಗೊತ್ತಾಗುತ್ತದೆ.

ಅದಕ್ಕೇ ನಮ್ಮವರು ಗೋಡೆಗೆ ಗಾರೆ ಮೆತ್ತಿ ಕಾವಿ ಕಲೆ ಮಾಡಿದರು. ಚಿಪ್ಪು ಸುಟ್ಟ ಸುಣ್ಣ, ಮರಳು, ಬೆಲ್ಲ ಸೇರಿಸಿದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ಒಂದು ಪದರ. ಹಸಿ ಇರುವಾಗಲೇ ಚೂಪಾದ ಮೊನೆಯಿಂದ ಗೀರಿ ಕೆಂಪು ತೆಗೆದರೆ ಒಳಗಿನ ಬಿಳಿ ಬಳ್ಳಿಯಾಗಿ, ಹೂವಾಗಿ ಕಾಣುತ್ತದೆ. ಬಣ್ಣ ಬಳಿದದ್ದಲ್ಲ, ಕೆರೆದದ್ದು. ಶಿರಸಿಯ ಮಾರಿಕಾಂಬೆ ಗುಡಿಗೆ ಹೋದಾಗ ಕೈಮುಗಿದು ಹಾಗೇ ಹೊರಡಬೇಡಿ, ಗೋಡೆಯನ್ನೂ ಒಂದು ಕ್ಷಣ ನೋಡಿ.

ಇಷ್ಟೆಲ್ಲ ಭಾವನಿಗೆ ಕೊರೆದು, ಹೆಮ್ಮೆಯಿಂದ ನಮ್ಮೂರ ಗುಡಿಗೆ ಕರೆದುಕೊಂಡು ಹೋದೆ. ಹೋಗಬಾರದಿತ್ತು. ಜೀರ್ಣೋದ್ಧಾರ ಅಂತ ಹಂಚು ಇಳಿಸಿ ಸ್ಲ್ಯಾಬ್ ಹಾಕಿದ್ದಾರೆ, ಕಾವಿ ಗೋಡೆಗೆ ಆಯಿಲ್ ಪೇಂಟ್ ಹೊಡೆದಿದ್ದಾರೆ. ಸ್ಲ್ಯಾಬು ಎರಡನೇ ಮಳೆಗಾಲಕ್ಕೇ ಸೋರಿತು. ಈಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ನೀಲಿ ಶೀಟು ಹೊದಿಸಿದ್ದಾರೆ, ಇಳಿಜಾರಾಗಿ.